ಭೌತಶಾಸ್ತ್ರ ಪದವೀಧರರಿಗೆ ಉದ್ಯೋಗದ ದಾರಿಗಳು: ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ

ವಿದ್ಯೆಯು ಜ್ಞಾನಾರ್ಜನೆಗಾಗಿಯೋ ಜೀವನೋಪಾಯಕ್ಕಾಗಿಯೋ ಎಂಬ ಚರ್ಚೆ ಬಹಳ ಹಳೆಯದು. ಆದರೆ ಹೊಲವನ್ನು ಅಡವಿಟ್ಟು ಮಕ್ಕಳನ್ನು ಓದಿಸುವ ತಂದೆತಾಯಿಗಳಿಗೆ ಆ ಚರ್ಚೆಯಲ್ಲಿ ತೊಡಗುವಷ್ಟು ವ್ಯವಧಾನವಿರುವುದಿಲ್ಲ. ದ್ವಿತೀಯ ಪಿ.ಯು.ಸಿ. ಫಲಿತಾಂಶ ಹೊರಬಿದ್ದ ವಾರದಲ್ಲಿ ಅವರು ಉಪಾಧ್ಯಾಯರನ್ನು ಹುಡುಕಿಕೊಂಡು ಬಂದು ಕೇಳುವ ಮಾತು ಸಾಮಾನ್ಯವಾಗಿ ಒಂದೇ: “ಇಂಜಿನಿಯರಿಂಗ್ ಸೀಟು ಸಿಕ್ಕಲಿಲ್ಲ. ಬಿ.ಎಸ್‌ಸಿ.ಗೆ ಸೇರಿಸಿದರೆ ಮುಂದೇನು ಮೇಷ್ಟ್ರೇ?”

ಭೌತಶಾಸ್ತ್ರದ ವಿದ್ಯಾರ್ಥಿಯ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಹೇಳುವುದು ಇನ್ನೂ ಕಷ್ಟ. ವಾಣಿಜ್ಯ ಪದವೀಧರನಿಗೆ ಲೆಕ್ಕಪತ್ರದ ಮೇಜು ಉಂಟು. ರಸಾಯನಶಾಸ್ತ್ರ ಓದಿದವನನ್ನು ಔಷಧ ಕಾರ್ಖಾನೆಗಳು ಹೆಸರಿಟ್ಟು ಕರೆಯುತ್ತವೆ. ‘ಭೌತಶಾಸ್ತ್ರ ಓದಿದವರು ಬೇಕಾಗಿದ್ದಾರೆ’ ಎಂಬ ಫಲಕವಾದರೋ ಬೆಂಗಳೂರಿನ ಸುತ್ತಣ ಕಾರ್ಖಾನೆಗಳ ಬಾಗಿಲುಗಳಲ್ಲಿ ಕಾಣಸಿಗುವುದು ಅಪರೂಪ. ಹಾಗೆಂದ ಮಾತ್ರಕ್ಕೆ ಕೆಲಸವೇ ಇಲ್ಲವೆಂದಲ್ಲ. ಆ ಕೆಲಸಗಳು ಬೇರೆ ಹೆಸರುಗಳ ಹಿಂದೆ ಅಡಗಿಕೊಂಡಿವೆ. ಕ್ಯಾಲಿಬ್ರೇಷನ್, ಗುಣಪರೀಕ್ಷೆ, ನಿರ್ವಾತ ತಂತ್ರ, ದ್ಯುತಿವಿಜ್ಞಾನ, ವಿಕಿರಣ ಚಿಕಿತ್ಸೆ ಎಂಬಿವು ಅಂತಹ ಹೆಸರುಗಳು. ಇವೆಲ್ಲಕ್ಕೂ ಆಧಾರವಾಗಿರುವುದು ಅಳೆಯುವ ವಿದ್ಯೆ. ಅಂದರೆ ಪದವಿಯ ಪಠ್ಯದಲ್ಲಿ ಪ್ರಯೋಗಶಾಲೆಯ ಪಾಲಿಗೆ ಬಿಟ್ಟಿರುವ, ವಿದ್ಯಾರ್ಥಿಗಳು ಹೇಗೋ ಮುಗಿಸಿ ‘ರೆಕಾರ್ಡ್’ ಬರೆದು ಒಪ್ಪಿಸುವ ಆ ಅರ್ಧ. ಉದ್ಯೋಗದ ದೃಷ್ಟಿಯಿಂದ ನೋಡಿದರೆ ಪದವಿಯ ಹೆಚ್ಚು ಬೆಲೆಯುಳ್ಳ ಅರ್ಧ ಅದೇ.

ಇದಕ್ಕೆ ನಿದರ್ಶನವನ್ನು ಪೀಣ್ಯದಿಂದಲೇ ಆರಂಭಿಸುವುದು ಯುಕ್ತ. 1972ರಲ್ಲಿ ಡಾ. ಯು. ಆರ್. ರಾವ್ ಅವರ ನೇತೃತ್ವದ ತಂಡವು ಭಾರತದ ಮೊದಲ ಉಪಗ್ರಹವನ್ನು ಕಟ್ಟಲು ಜಾಗ ಹಿಡಿದದ್ದು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಧೂಳು ಸುಳಿಯದ ಶುಭ್ರ ಕೊಠಡಿಯನ್ನು ಆ ಶೆಡ್ಡಿನೊಳಗೇ ನಿರ್ಮಿಸಿಕೊಳ್ಳಬೇಕಾಯಿತು. ಅಲ್ಲಿ ಸಿದ್ಧವಾದ 360 ಕಿಲೋಗ್ರಾಂ ತೂಕದ ‘ಆರ್ಯಭಟ’ವು 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದ ಕಪುಸ್ತಿನ್ ಯಾರ್ ನೆಲೆಯಿಂದ ಅಂತರಿಕ್ಷಕ್ಕೇರಿತು. ಅದರೊಳಗಿದ್ದ ಉಪಕರಣಗಳು ಕ್ಷ-ಕಿರಣ ಖಗೋಳ, ಸೌರ ನ್ಯೂಟ್ರಾನು ಹಾಗೂ ಗಾಮಾ ಕಿರಣಗಳು, ಅಯಾನುಗೋಲ ಇವುಗಳ ಅಳತೆಗಾಗಿ ಇದ್ದವು. ಮೂರೂ ಶುದ್ಧ ಭೌತಶಾಸ್ತ್ರದ ವಿಷಯಗಳು. ಆ ಯೋಜನೆಯ ನಾಯಕರು ಇಂಜಿನಿಯರಿಂಗ್ ಪದವೀಧರರಲ್ಲ, ಭೌತಶಾಸ್ತ್ರದ ವಿದ್ಯಾರ್ಥಿ ಎಂಬುದನ್ನು ಇಂದಿನ ಪೋಷಕರಿಗೆ ತಿಳಿಸಬೇಕಾಗಿದೆ. ಉಡುಪಿ ಬಳಿಯ ಅದಮಾರಿನಲ್ಲಿ 1932ರಲ್ಲಿ ಜನಿಸಿದ ರಾವ್ ಅವರು ಇಂಟರ್‌ಮೀಡಿಯೆಟ್ ಓದಿದ್ದು ಬಳ್ಳಾರಿಯ ವೀರಶೈವ ಕಾಲೇಜಿನಲ್ಲಿ, ಬಿ.ಎಸ್‌ಸಿ. ಅನಂತಪುರದ ಸರ್ಕಾರಿ ಕಾಲೇಜಿನಲ್ಲಿ, ಎಂ.ಎಸ್‌ಸಿ. ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ. ಅನಂತರವೇ ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯಿಯವರ ಬಳಿ ಸಂಶೋಧನೆ.

ಆರ್ಯಭಟ ರೂಪುಗೊಂಡ ಆ ಸ್ಥಳದಲ್ಲಿ ಈಗ ಇಸ್ರೋ ಸಂಸ್ಥೆಯ ವಿದ್ಯುತ್-ದ್ಯುತಿ ವ್ಯವಸ್ಥೆಗಳ ಪ್ರಯೋಗಾಲಯ, ಅಂದರೆ ‘ಲಿಯೋಸ್’ ಇದೆ. ಉಪಗ್ರಹವು ಯಾವ ದಿಕ್ಕಿಗೆ ಮುಖಮಾಡಿದೆ ಎಂಬುದನ್ನು ನಕ್ಷತ್ರಗಳನ್ನೂ ಸೂರ್ಯನನ್ನೂ ಗುರುತಿಸಿ ಹೇಳುವ ಸಂವೇದಕಗಳು ಅಲ್ಲಿ ತಯಾರಾಗುತ್ತವೆ. ಬಿ.ಎಸ್‌ಸಿ. ತರಗತಿಯ ಸ್ಪೆಕ್ಟ್ರೋಮೀಟರ್ ಮುಂದೆ ಕಣ್ಣಿಟ್ಟು ಕುಳಿತ ವಿದ್ಯಾರ್ಥಿಗೆ ಇದು ಅಪರಿಚಿತ ಲೋಕವೇನಲ್ಲ. ಆದರೂ ಇಸ್ರೋ ಹೆಸರು ಹೇಳಿ ಮಕ್ಕಳಲ್ಲಿ ಅತಿಯಾದ ಆಸೆ ಹುಟ್ಟಿಸುವುದು ಸರಿಯಲ್ಲ. ಅಲ್ಲಿನ ವಿಜ್ಞಾನಿ-ಇಂಜಿನಿಯರ್ ಹುದ್ದೆಗಳ ಬಹುಪಾಲು ಇಂಜಿನಿಯರಿಂಗ್ ಪದವೀಧರರಿಗೆ ಮೀಸಲು. ಪ್ರಥಮ ದರ್ಜೆಯ ಬಿ.ಎಸ್‌ಸಿ.ಯವರಿಗೆ ವೈಜ್ಞಾನಿಕ ಸಹಾಯಕ ಹುದ್ದೆಗಳೂ ಸ್ನಾತಕೋತ್ತರರಿಗೆ ಕೆಲವು ವಿಜ್ಞಾನಿ ಹುದ್ದೆಗಳೂ ಉಂಟು. ಅವುಗಳ ಸಂಖ್ಯೆ ಕಡಿಮೆ, ಅರ್ಜಿ ಹಾಕುವವರು ಬಹಳ.

ಸಾಮಾನ್ಯ ವಿದ್ಯಾರ್ಥಿಯ ಪಾಲಿಗೆ ಪೀಣ್ಯದ ನಿಜವಾದ ಅವಕಾಶವಿರುವುದು ಅಲ್ಲಿಯ ಗಲ್ಲಿಗಳ ಸಣ್ಣ ಕಾರ್ಖಾನೆಗಳಲ್ಲಿ. ಲೇತ್, ಗ್ರೈಂಡಿಂಗ್, ಅಚ್ಚು ತಯಾರಿಕೆ, ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್ ಇಲ್ಲಿ ದಿನನಿತ್ಯದ ಕಸುಬು. ವಿಮಾನಕ್ಕೋ ಕಾರಿಗೋ ಬಿಡಿಭಾಗ ಮಾಡಿಕೊಡುವ ಕಾರ್ಖಾನೆಯು ಆ ಭಾಗದ ಜೊತೆಗೆ ಅದರ ಅಳತೆಯ ಪ್ರಮಾಣಪತ್ರವನ್ನೂ ಕೊಡಬೇಕಾಗುತ್ತದೆ. ಅಳೆದ ಉಪಕರಣ ಸರಿಯಾಗಿದೆಯೆಂದು ಇನ್ನೊಂದು ಪ್ರಯೋಗಾಲಯ ದೃಢೀಕರಿಸಿರಬೇಕು. ಆ ಪ್ರಯೋಗಾಲಯಕ್ಕೆ ಎನ್.ಎ.ಬಿ.ಎಲ್. ಮಾನ್ಯತೆ ಇರಬೇಕು. ಹೀಗೆ ಅಳತೆಯ ಮೇಲೊಂದು ಅಳತೆಯ ಸರಪಣಿಯೇ ಇದೆ. 1962ರಲ್ಲಿ ಸ್ಥಾಪಿತವಾಗಿ ತುಮಕೂರು ರಸ್ತೆಯಲ್ಲಿರುವ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ, ಈಗ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆಯೆಂಬ ಹೆಸರಿನದು, ಈ ಅಳತೆ ವಿದ್ಯೆಯ ಒಂದು ದೊಡ್ಡ ಕೇಂದ್ರ.

ಇಲ್ಲಿ ಭೌತಶಾಸ್ತ್ರ ಹೇಗೆ ಅನ್ನ ಕೊಡುತ್ತದೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಉದ್ದದ ಅಳತೆಗಳನ್ನೆಲ್ಲ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹೇಳಬೇಕೆಂದು 1931ರಲ್ಲೇ ಅಂತರರಾಷ್ಟ್ರೀಯವಾಗಿ ಒಪ್ಪಲಾಗಿದೆ. ಒಂದು ಮೀಟರ್ ಉಕ್ಕಿನ ಸರಳು ಒಂದು ಡಿಗ್ರಿ ಕಾದರೆ ಸುಮಾರು 11.5 ಮೈಕ್ರೋಮೀಟರ್ ಹಿಗ್ಗುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಶೆಡ್ಡಿನೊಳಗೆ 34 ಡಿಗ್ರಿ ಇದ್ದರೆ 100 ಮಿಲಿಮೀಟರ್‌ನ ಉಕ್ಕಿನ ತುಂಡು 16 ಮೈಕ್ರೋಮೀಟರ್‌ನಷ್ಟು ಬೆಳೆದಿರುತ್ತದೆ. ಅಳೆಯುವ ಗೇಜೂ ಉಕ್ಕಿನದೇ ಆಗಿ ಅದೂ ಅಷ್ಟೇ ಕಾದಿದ್ದರೆ ಎರಡೂ ಒಟ್ಟಿಗೆ ಹಿಗ್ಗುವುದರಿಂದ ತಪ್ಪು ಹೊರಗೆ ಕಾಣುವುದಿಲ್ಲ. ಆದರೆ ತುಂಡು ಅಲ್ಯೂಮಿನಿಯಂನದಾಗಿದ್ದರೆ? ಅದು ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುವ ಲೋಹ. ಆಗ ಸರಿಯಾಗಿಯೇ ಮಾಡಿದ ಭಾಗವೂ 16 ಮೈಕ್ರೋಮೀಟರ್‌ನಷ್ಟು ಹೆಚ್ಚು ತೋರುತ್ತದೆ. ಕೆಲವೇ ಮೈಕ್ರೋಮೀಟರ್‌ಗಳ ಮಿತಿಯೊಳಗೆ ಇರಬೇಕಾದ ಭಾಗವಾದರೆ ಪರೀಕ್ಷಕನು ಇಡೀ ರಾಶಿಯನ್ನು ತಿರಸ್ಕರಿಸಿಬಿಡಬಹುದು. ಯಂತ್ರದ ಗುಂಡಿ ಒತ್ತಿ ಅಂಕೆ ಓದುವುದನ್ನು ಯಾರಾದರೂ ಕಲಿಯಬಲ್ಲರು. ಆ ಅಂಕೆಯನ್ನು ಎಷ್ಟರಮಟ್ಟಿಗೆ ನಂಬಬಹುದು, ಅದರಲ್ಲಿರುವ ಅನಿಶ್ಚಿತತೆ ಎಷ್ಟು ಎಂದು ಬರೆದುಕೊಡಬಲ್ಲವರು ಮಾತ್ರ ಕ್ಯಾಲಿಬ್ರೇಷನ್ ಪ್ರಯೋಗಾಲಯಕ್ಕೆ ಬೇಕು. ಬಿ.ಎಸ್‌ಸಿ. ವಿದ್ಯಾರ್ಥಿಯು ಸ್ಕ್ರೂಗೇಜಿನಿಂದ ತಂತಿಯ ದಪ್ಪ ಅಳೆದು ದೋಷದ ಲೆಕ್ಕ ಹಾಕುವಾಗ ಕಲಿಯುವುದು ಇದನ್ನೇ. ಹಿಂದಿನ ವರ್ಷದ ರೆಕಾರ್ಡಿನಿಂದ ಅಂಕೆಗಳನ್ನು ನಕಲು ಮಾಡಿಕೊಂಡವನು ಕಳೆದುಕೊಳ್ಳುವುದೂ ಇದನ್ನೇ.

ಇದೇ ಪೀಣ್ಯದಲ್ಲಿ 1965ರಲ್ಲಿ ಸ್ಥಾಪನೆಗೊಂಡ ಹಿಂದ್ ಹೈ ವ್ಯಾಕ್ಯೂಮ್ ಎಂಬ ಸಂಸ್ಥೆಯಿದೆ. ಗಾಳಿಯನ್ನು ಬಹುಮಟ್ಟಿಗೆ ಹೊರತೆಗೆದ ಪಾತ್ರೆಯೊಳಗೆ ಲೋಹವನ್ನು ಆವಿಯಾಗಿಸಿ ಗಾಜಿನ ಮೇಲೆ ಅತಿ ತೆಳುವಾದ ಪದರವನ್ನು ಹಚ್ಚುವ ಯಂತ್ರಗಳು ಇದರ ವಿಶೇಷ. ಉತ್ತರಾಖಂಡದ ದೇವಸ್ಥಲದಲ್ಲಿ 2016ರಲ್ಲಿ ಕಾರ್ಯಾರಂಭ ಮಾಡಿದ 3.6 ಮೀಟರ್ ದೂರದರ್ಶಕದ ಕನ್ನಡಿಗೆ ಅಲ್ಯೂಮಿನಿಯಂ ಲೇಪಿಸುವ ಘಟಕವನ್ನು ಮಾಡಿಕೊಟ್ಟದ್ದು ಈ ಸಂಸ್ಥೆಯೇ. ನಿರ್ವಾತ ಪಂಪು, ಒತ್ತಡ ಮಾಪಕ, ತೆಳುಪದರದಲ್ಲಿ ಬೆಳಕಿನ ವ್ಯತಿಕರಣ ಇವನ್ನು ಪುಸ್ತಕದಲ್ಲಿ ಓದಿ ಮರೆತ ವಿದ್ಯಾರ್ಥಿಗೆ ಅವೇ ಒಂದು ಉದ್ಯಮವೆಂದು ಯಾರೂ ಹೇಳಿರುವುದಿಲ್ಲ. ಬೆಸುಗೆಯೊಳಗಿನ ಬಿರುಕನ್ನು ವಸ್ತುವನ್ನು ಒಡೆಯದೆಯೇ ಶ್ರವಣಾತೀತ ಧ್ವನಿಯಿಂದಲೋ ಕ್ಷ-ಕಿರಣದಿಂದಲೋ ಪತ್ತೆಮಾಡುವ ಎನ್.ಡಿ.ಟಿ. ಪರೀಕ್ಷೆಗೂ ಬಿ.ಎಸ್‌ಸಿ. ಭೌತಶಾಸ್ತ್ರದ ತಳಹದಿ ಸಾಕು. ಅದರ ಮೇಲೆ ಒಂದೊಂದೇ ಹಂತದ ಅರ್ಹತಾಪತ್ರ ಪಡೆಯುತ್ತ ಹೋಗಬೇಕು. ಇಂತಹ ಅರ್ಹತಾಪತ್ರಗಳ ಹೆಸರಿನಲ್ಲಿ ಹಣ ಕೀಳುವ ತರಬೇತಿ ಅಂಗಡಿಗಳೂ ಉಂಟಾದ್ದರಿಂದ, ಸೇರುವ ಮುನ್ನ ಆ ಪತ್ರವನ್ನು ಯಾವ ಕಾರ್ಖಾನೆಗಳು ಒಪ್ಪುತ್ತವೆಂದು ವಿಚಾರಿಸುವುದು ಕ್ಷೇಮ.

ನಗರದ ಪೂರ್ವಕ್ಕಿರುವ ವೈಟ್‌ಫೀಲ್ಡಿನ ಸ್ವರೂಪ ಇದಕ್ಕಿಂತ ಭಿನ್ನ. ಅಲ್ಲಿ ಯಂತ್ರದ ಸದ್ದಿಗಿಂತ ಸಂಶೋಧನಾ ಕೇಂದ್ರಗಳ ಗಾಜಿನ ಗೋಡೆಗಳೇ ಹೆಚ್ಚು. ಜನರಲ್ ಎಲೆಕ್ಟ್ರಿಕ್ ಸಂಸ್ಥೆಯು 2000ದಲ್ಲಿ ಅಲ್ಲಿ ತೆರೆದ ಜಾನ್ ಎಫ್. ವೆಲ್ಚ್ ತಂತ್ರಜ್ಞಾನ ಕೇಂದ್ರ, ಚಿಪ್ ತಯಾರಿಸುವ ಯಂತ್ರಗಳನ್ನು ರೂಪಿಸುವ ಅಪ್ಲೈಡ್ ಮೆಟೀರಿಯಲ್ಸ್ ಮುಂತಾದವು ಪದಾರ್ಥ ವಿಜ್ಞಾನ, ಪ್ಲಾಸ್ಮಾ, ಬಿಂಬಗ್ರಹಣ ಬಲ್ಲವರಿಗೆ ಕೆಲಸ ಕೊಡುತ್ತವೆ. ಈ ಎರಡನೆಯ ಸಂಸ್ಥೆ ನಾಲ್ಕು ವರ್ಷಗಳಲ್ಲಿ 40 ಕೋಟಿ ಡಾಲರ್ ವೆಚ್ಚದಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕೇಂದ್ರ ಸ್ಥಾಪಿಸುವುದಾಗಿ 2023ರಲ್ಲಿ ಪ್ರಕಟಿಸಿತು. ಆದರೆ ಇಲ್ಲಿ ಬರಿಯ ಬಿ.ಎಸ್‌ಸಿ. ಸಾಲದು. ಎಂ.ಎಸ್‌ಸಿ., ಅದರ ಮೇಲೆ ಎಂ.ಟೆಕ್. ಅಥವಾ ಪಿಎಚ್.ಡಿ. ಇದ್ದವರಿಗೆ ಬಾಗಿಲು ತೆರೆಯುತ್ತದೆ. ಕೇಂದ್ರ ಸರ್ಕಾರವು 2023ರ ಏಪ್ರಿಲ್‌ನಲ್ಲಿ 6,003 ಕೋಟಿ ರೂಪಾಯಿಗಳ ಕ್ವಾಂಟಮ್ ಯೋಜನೆಗೆ ಒಪ್ಪಿಗೆ ನೀಡಿದ ಮೇಲೆ ‘ಕ್ವಾಂಟಮ್’ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಅದಕ್ಕೂ ಇದೇ ಮಾತು ಅನ್ವಯಿಸುತ್ತದೆ.

ವೈಟ್‌ಫೀಲ್ಡಿನಿಂದಾಚೆಗೆ ಹೊಸಕೋಟೆಯ ಬಳಿ ಭಾರತೀಯ ಖಭೌತ ಸಂಸ್ಥೆಯ ‘ಕ್ರೆಸ್ಟ್’ ಆವರಣವಿದೆ. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ಇಲ್ಲಿಂದಲೇ ನಡೆಸುತ್ತಾರೆ. 2023ರ ಸೆಪ್ಟೆಂಬರ್ 2ರಂದು ಉಡಾವಣೆಯಾದ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣವಾದ ಸೌರ ಕಿರೀಟ ದರ್ಶಕವನ್ನು ಜೋಡಿಸಿದ್ದೂ ಈ ಆವರಣದಲ್ಲಿಯೇ. ಸುತ್ತಣ ಹಳ್ಳಿಗಳ ಎಷ್ಟು ಶಾಲೆಗಳ ಮಕ್ಕಳು ಅದನ್ನು ಹೊರಗಿನಿಂದಲಾದರೂ ನೋಡಿದ್ದಾರೋ!

ಎಲೆಕ್ಟ್ರಾನಿಕ್ ಸಿಟಿಯ ಕಥೆ ಪೋಷಕರಿಗೆ ಹೆಚ್ಚು ಪರಿಚಿತ. ಕಿಯೋನಿಕ್ಸ್‌ನ ಮೊದಲ ಅಧ್ಯಕ್ಷರಾಗಿದ್ದ ಆರ್. ಕೆ. ಬಾಳಿಗಾ ಅವರ ಕಲ್ಪನೆಯಂತೆ 1978ರಲ್ಲಿ ಕೋನಪ್ಪನ ಅಗ್ರಹಾರ ಹಾಗೂ ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಅದು ಆರಂಭವಾಯಿತು. ಹೆಸರಿನಲ್ಲಿರುವ ಎಲೆಕ್ಟ್ರಾನಿಕ್ಸ್ ಕ್ರಮೇಣ ಹಿಂದೆ ಸರಿದು ಸಾಫ್ಟ್‌ವೇರ್ ಮುಂದೆ ಬಂತು. ಭೌತಶಾಸ್ತ್ರ ಪದವೀಧರರಿಗೂ ಅಲ್ಲಿ ಸ್ಥಳ ಸಿಕ್ಕಿತು. 1995ರಲ್ಲಿ ವಿಪ್ರೋ ಸಂಸ್ಥೆಯು ಪಿಲಾನಿಯ ಬಿಟ್ಸ್ ಸಹಯೋಗದೊಡನೆ ಆರಂಭಿಸಿದ ಯೋಜನೆಯಲ್ಲಿ ಬಿ.ಎಸ್‌ಸಿ. ಮತ್ತು ಬಿ.ಸಿ.ಎ. ಪದವೀಧರರು ಕೆಲಸ ಮಾಡುತ್ತಲೇ ಸ್ನಾತಕೋತ್ತರ ಪದವಿ ಪಡೆಯುವ ಅವಕಾಶ ದೊರೆಯಿತು. ಓದಿನ ಖರ್ಚಿಲ್ಲದೆ, ತಿಂಗಳ ಸಂಬಳವೂ ಬರುವ ಇಂತಹ ಯೋಜನೆಗಳು ಬಡ ಕುಟುಂಬದ ಮಕ್ಕಳಿಗೆ ದೊಡ್ಡ ಆಸರೆ. ಪ್ರತಿಯಾಗಿ ಹಲವು ವರ್ಷಗಳ ಸೇವಾ ಕರಾರಿಗೆ ಸಹಿ ಹಾಕಬೇಕು. ಆ ಕಾಗದವನ್ನು ಪೂರ್ತಿ ಓದಿಯೇ ಸಹಿ ಹಾಕಬೇಕು.

ಆದರೆ ಸಾಫ್ಟ್‌ವೇರ್ ಎಂಬುದು ಎಂದಿಗೂ ಬತ್ತದ ಬಾವಿಯೆಂಬ ನಂಬಿಕೆ ಈಚೆಗೆ ಅಲುಗಾಡಿದೆ. 1994ರಿಂದ ಎಲೆಕ್ಟ್ರಾನಿಕ್ ಸಿಟಿಯಲ್ಲಿ ನೆಲೆಯೂರಿರುವ ಇನ್ಫೋಸಿಸ್‌ನ ಒಟ್ಟು ನೌಕರರ ಸಂಖ್ಯೆಯೇ 2023–24ರ ಒಂದು ವರ್ಷದಲ್ಲಿ ಸುಮಾರು 26 ಸಾವಿರದಷ್ಟು ಇಳಿಯಿತು. ಭೌತಶಾಸ್ತ್ರವನ್ನು ಕೈಬಿಟ್ಟು ಮೂರು ತಿಂಗಳ ಕಂಪ್ಯೂಟರ್ ಕೋರ್ಸಿನ ಬೆನ್ನು ಹತ್ತುವ ವಿದ್ಯಾರ್ಥಿಯು ಅದೇ ಕೋರ್ಸು ಮಾಡಿದ ಇತರ ಎಲ್ಲರೊಡನೆ ಸ್ಪರ್ಧೆಗಿಳಿಯುತ್ತಾನೆ. ಭೌತಶಾಸ್ತ್ರದ ಜೊತೆಗೆ ಪ್ರೋಗ್ರಾಮಿಂಗ್ ಕಲಿತವನ ಸ್ಥಿತಿ ಬೇರೆ. ಪ್ರಯೋಗದ ದತ್ತಾಂಶವನ್ನು ಪೈಥಾನ್ ಭಾಷೆಯಲ್ಲಿ ವಿಶ್ಲೇಷಿಸಿ ನಕ್ಷೆ ಬಿಡಿಸಬಲ್ಲವನಿಗೆ ಪೀಣ್ಯದಲ್ಲೂ ವೈಟ್‌ಫೀಲ್ಡಿನಲ್ಲೂ ಕೇಳುವವರಿದ್ದಾರೆ.

ಹೆಚ್ಚು ಜನರ ಗಮನಕ್ಕೆ ಬಾರದ ಇನ್ನೊಂದು ವೃತ್ತಿ ಈ ವಲಯಗಳ ಆಸ್ಪತ್ರೆಗಳಲ್ಲಿದೆ. ಬೊಮ್ಮಸಂದ್ರ ಹಾಗೂ ವೈಟ್‌ಫೀಲ್ಡ್ ಎರಡೂ ಕಡೆ ಕ್ಯಾನ್ಸರ್ ಚಿಕಿತ್ಸೆಯುಳ್ಳ ದೊಡ್ಡ ಆಸ್ಪತ್ರೆಗಳಿವೆ. ಕ್ಯಾನ್ಸರ್ ರೋಗಿಗೆ ವಿಕಿರಣ ಕೊಡಬೇಕಾದಾಗ ಎಷ್ಟು ಪ್ರಮಾಣ ಎಂದು ವೈದ್ಯರು ನಿರ್ಧರಿಸುತ್ತಾರೆ. ಆ ಪ್ರಮಾಣವು ಗಡ್ಡೆಗೆ ತಲುಪಿ ಪಕ್ಕದ ಅಂಗಕ್ಕೆ ಹಾನಿಯಾಗದಂತೆ ಲೆಕ್ಕ ಹಾಕಿ, ಯಂತ್ರವು ನಿಜಕ್ಕೂ ಅಷ್ಟನ್ನೇ ಕೊಡುತ್ತಿದೆಯೇ ಎಂದು ಅಳೆದು ನೋಡುವವರು ವೈದ್ಯಕೀಯ ಭೌತಶಾಸ್ತ್ರಜ್ಞರು. ಕೊಡುವ ಪ್ರಮಾಣದಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚು ವ್ಯತ್ಯಾಸ ಬರಬಾರದೆಂಬುದು 1976ರಿಂದಲೂ ಅಂತರರಾಷ್ಟ್ರೀಯ ಶಿಫಾರಸು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ಇಂತಹ ತಜ್ಞರಿಲ್ಲದೆ ವಿಕಿರಣ ಚಿಕಿತ್ಸಾ ಘಟಕವನ್ನು ನಡೆಸುವಂತಿಲ್ಲ. ಹೆಸರಿನಲ್ಲೇ ಭೌತಶಾಸ್ತ್ರವುಳ್ಳ, ಕಾನೂನೇ ಬೇಕೆನ್ನುವ ಉದ್ಯೋಗ ಇದೊಂದೇ ಎಂದರೂ ತಪ್ಪಾಗದು. ದಾರಿ ಎರಡು. ಬಿ.ಎಸ್‌ಸಿ. ಬಳಿಕ ನೇರವಾಗಿ ವೈದ್ಯಕೀಯ ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡುವುದು ಒಂದು, ಬೆಂಗಳೂರಿನ ಕಿದ್ವಾಯಿ ಗಂಥಿ ಸಂಸ್ಥೆಯಲ್ಲಿ ವಿಕಿರಣ ಭೌತಶಾಸ್ತ್ರದ ಎಂ.ಎಸ್‌ಸಿ. ಇದೆ. ಸಾಮಾನ್ಯ ಎಂ.ಎಸ್‌ಸಿ. ಮುಗಿಸಿ, ಮುಂಬಯಿಯ ಭಾಭಾ ಕೇಂದ್ರವು 1962ರಿಂದ ನಡೆಸುತ್ತಿರುವ ಒಂದು ವರ್ಷದ ಡಿಪ್ಲೊಮಾ ಸೇರುವುದು ಇನ್ನೊಂದು. ಎರಡರಲ್ಲೂ ಅನಂತರ ಒಂದು ವರ್ಷ ಆಸ್ಪತ್ರೆಯಲ್ಲಿ ತರಬೇತಿ ಕಡ್ಡಾಯ. ಅಂತೂ ಬಿ.ಎಸ್‌ಸಿ. ಆದ ಮೇಲೆ ಮೂರರಿಂದ ನಾಲ್ಕು ವರ್ಷ ಹಿಡಿಯುತ್ತದೆ.

ಉಪಾಧ್ಯಾಯ ವೃತ್ತಿಯ ಬಗ್ಗೆ ಈ ಓದುಗರಿಗೆ ಹೆಚ್ಚು ಹೇಳಬೇಕಾಗಿಲ್ಲ. ಪ್ರೌಢಶಾಲೆಗೆ ಬಿ.ಇಡಿ., ಪದವಿಪೂರ್ವ ಕಾಲೇಜಿಗೆ ಎಂ.ಎಸ್‌ಸಿ. ಜೊತೆಗೆ ಬಿ.ಇಡಿ., ಪದವಿ ಕಾಲೇಜಿಗೆ ಎಂ.ಎಸ್‌ಸಿ. ಮೇಲೆ ನೆಟ್ ಅಥವಾ ಕೆ-ಸೆಟ್. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ನಾಲ್ಕೇ ವರ್ಷಗಳಲ್ಲಿ ಬಿ.ಎಸ್‌ಸಿ.ಯೊಡನೆ ಶಿಕ್ಷಣ ಪದವಿಯೂ ದೊರೆಯುವುದನ್ನು ಮಾತ್ರ ಮಕ್ಕಳಿಗೆ ಪಿ.ಯು.ಸಿ.ಯಲ್ಲಿರುವಾಗಲೇ ತಿಳಿಸಬೇಕು, ಅನಂತರ ತಿಳಿದು ಪ್ರಯೋಜನವಿಲ್ಲ.

ಇಷ್ಟನ್ನೂ ನೋಡಿದ ಮೇಲೆ ಉಳಿಯುವ ತೊಡಕು ಕಾಲದ್ದು. ಇಂಜಿನಿಯರಿಂಗ್ ವಿದ್ಯಾರ್ಥಿ ನಾಲ್ಕು ವರ್ಷಕ್ಕೆ ಸಂಪಾದನೆಗೆ ನಿಲ್ಲುತ್ತಾನೆ. ಕರ್ನಾಟಕದಲ್ಲಿ 2024ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿದ್ದರೂ ಭೌತಶಾಸ್ತ್ರ ಓದಿದವನು ಒಳ್ಳೆಯ ಹುದ್ದೆಗೆ ಏರಲು ಐದು, ಆರು, ಕೆಲವೊಮ್ಮೆ ಹತ್ತು ವರ್ಷ ಬೇಕು. ಬಿ.ಎಸ್‌ಸಿ.ಯಲ್ಲಿ ಚೆನ್ನಾಗಿ ಅಂಕ ಪಡೆದ ಹುಡುಗನೇ ಮನೆಯ ಸಾಲಕ್ಕಾಗಿ ಎಂ.ಎಸ್‌ಸಿ. ಬಿಟ್ಟು ಸಿಕ್ಕ ಕೆಲಸಕ್ಕೆ ಸೇರುವುದು, ಹುಡುಗಿಯಾದರೆ ಆ ಎರಡು ವರ್ಷದಲ್ಲೇ ಮದುವೆಯ ಮಾತು ಬರುವುದು, ಉಪಾಧ್ಯಾಯರಿಗೆಲ್ಲ ಗೊತ್ತಿರುವ ಸಂಗತಿ. ಪ್ರತಿಭೆ ಕೈತಪ್ಪಿ ಹೋಗುವುದು ಹೆಚ್ಚಾಗಿ ಈ ಎರಡು ವರ್ಷಗಳ ಕಂದಕದಲ್ಲಿ. ಕೊಠಡಿ ಕಟ್ಟಿಸಿಕೊಡುವ ದಾನಿಗಳು ಈ ನಾಡಿನಲ್ಲಿ ಎಂದೂ ಕಡಿಮೆಯಿಲ್ಲ. ಅವರಲ್ಲಿ ಕೆಲವರಾದರೂ ಒಬ್ಬ ವಿದ್ಯಾರ್ಥಿಯ ಎಂ.ಎಸ್‌ಸಿ.ಯ ಎರಡು ವರ್ಷಗಳನ್ನು ವಹಿಸಿಕೊಂಡರೆ ಅದರ ಫಲ ಬೇರೆಯೇ ಆದೀತು.

ಹಳೆಯ ವಿದ್ಯಾರ್ಥಿಗಳಿಂದ ಆಗಬೇಕಾದದ್ದು ಇದಕ್ಕಿಂತ ಸುಲಭ. ಪೀಣ್ಯದ ಕಾರ್ಖಾನೆಗಳಲ್ಲಿ ಸವೆದು ಬಳಕೆಯಿಂದ ತೆಗೆದ ಮೈಕ್ರೋಮೀಟರುಗಳು, ಸ್ಲಿಪ್ ಗೇಜುಗಳು, ಡಯಲ್ ಗೇಜುಗಳು ಗುಜರಿಗೆ ಹೋಗುತ್ತವೆ. ಶಾಲಾ ಪ್ರಯೋಗಶಾಲೆಯಲ್ಲಿ ಅವು ಇನ್ನೂ ಇಪ್ಪತ್ತು ವರ್ಷ ಪಾಠ ಹೇಳಬಲ್ಲವು. ಸವೆದ ಉಪಕರಣದಿಂದ ದೋಷವನ್ನು ಕಂಡುಹಿಡಿಯುವುದೇ ಒಂದು ಒಳ್ಳೆಯ ಪ್ರಯೋಗ. 2014ರ ತಿದ್ದುಪಡಿಯ ಅನಂತರ ಅಪ್ರೆಂಟಿಸ್ ಕಾಯಿದೆಯಡಿ ಇಂಜಿನಿಯರಿಂಗ್ ಅಲ್ಲದ ಪದವೀಧರರನ್ನೂ ತರಬೇತಿಗೆ ತೆಗೆದುಕೊಳ್ಳಬಹುದು. ಕಾರ್ಖಾನೆ ನಡೆಸುತ್ತಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಈ ಅವಕಾಶದ ಅರಿವಿರಲಾರದು. ಊರಿನಿಂದ ಬರುವ ಮಕ್ಕಳಿಗೆ ಓಡಾಟವೂ ಮೊದಲಿನಷ್ಟು ದುಸ್ತರವಲ್ಲ: ಮೆಟ್ರೋ ರೈಲು ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡಿಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟಿನಲ್ಲಿ ಬಂದಿದೆ.

ಉಪಾಧ್ಯಾಯರ ಪಾಲಿಗೆ ಉಳಿದಿರುವ ಕೆಲಸ ಭಾಷೆಯದು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಯು ಪ್ರಯೋಗವನ್ನು ಸರಿಯಾಗಿ ಮಾಡುತ್ತಾನೆ, ಫಲಿತಾಂಶವನ್ನು ಕನ್ನಡದಲ್ಲಿ ಚೆನ್ನಾಗಿ ವಿವರಿಸುತ್ತಾನೆ. ಅದನ್ನೇ ಅರ್ಧ ಪುಟ ಇಂಗ್ಲಿಷಿನಲ್ಲಿ ಬರೆಯೆಂದರೆ ಲೇಖನಿ ನಿಲ್ಲುತ್ತದೆ. ಕಾರ್ಖಾನೆಯ ನೆಲದ ಮೇಲೆ ಮಾತು ಕನ್ನಡದಲ್ಲೇ ನಡೆದರೂ ಕ್ಯಾಲಿಬ್ರೇಷನ್ ಪ್ರಮಾಣಪತ್ರ ಇಂಗ್ಲಿಷಿನದು. ಪಿ.ಯು.ಸಿ. ತರಗತಿಯಿಂದಲೇ ಪ್ರತಿ ಪ್ರಯೋಗದ ಕೊನೆಗೆ ಏನನ್ನು ಅಳೆದೆ, ಎಷ್ಟು ಬಂತು, ಎಷ್ಟು ತಪ್ಪಿರಬಹುದು, ಏಕೆ ಎಂಬ ನಾಲ್ಕು ವಾಕ್ಯಗಳನ್ನು ಎರಡೂ ಭಾಷೆಗಳಲ್ಲಿ ಬರೆಯಿಸುವ ಪದ್ಧತಿ ತರುವುದಕ್ಕೆ ಹಣವೂ ಬೇಡ, ಸರ್ಕಾರದ ಆದೇಶವೂ ಬೇಡ. ಐ.ಐ.ಟಿ.ಗಳಲ್ಲಿ ಎಂ.ಎಸ್‌ಸಿ. ಹಾಗೂ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಂಯುಕ್ತ ಪಿಎಚ್.ಡಿ. ಸೇರಲು ಇರುವ ‘ಜಾಮ್’ ಪರೀಕ್ಷೆಗೆ ಅರ್ಜಿ ಕರೆಯುವುದು ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ, ಪರೀಕ್ಷೆ ನಡೆಯುವುದು ಫೆಬ್ರವರಿಯಲ್ಲಿ. ಅಂತಿಮ ಬಿ.ಎಸ್‌ಸಿ.ಯ ವಿದ್ಯಾರ್ಥಿಗೆ ಆ ಸುದ್ದಿ ಸಕಾಲದಲ್ಲಿ ತಲುಪಬೇಕಾದರೆ ಕಾಲೇಜಿನ ಸೂಚನಾಫಲಕದಲ್ಲಿ ಆಗಸ್ಟ್ ತಿಂಗಳಲ್ಲೇ ಅದು ಕಾಣಿಸಿಕೊಳ್ಳಬೇಕು.